ಸ್ನೋಬೋರ್ಡಿಂಗ್ ಸ್ಕೀಯಿಂಗ್‌ನ ತಮ್ಮನಾ, ಬೇರೆ ಮನೆಯ ಮಗನಾ?

ಶ್ರುತಿ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಗೆ ಗುಲ್ಮಾರ್ಗಿಗೆ ಹೋಗಿ ಆರು ದಿನ ಸ್ನೋಬೋರ್ಡಿಂಗ್ ಕಲಿತು ಬಂದೆ. ಸ್ಕೀಯಲ್ಲಿ ಒಂದೊಂದು ಪಾದಕ್ಕೆ ಒಂದೊಂದು ಪಟ್ಟಿ, ಇದರಲ್ಲಿ ಎರಡೂ ಪಾದವನ್ನು ಒಂದೇ ಹಲಗೆಗೆ ಕಟ್ಟಿ ಹಿಮದ ಮೇಲೆ ಜಾರುವುದು. ಅದಕ್ಕೂ ಮುಂಚೆ ನಾನು ಕಾಲಿಟ್ಟ ಹಿಮ ಅಂದರೆ ಕುರ್ಲಾದ ಮಾಲ್ ಒಳಗಿನದು ಮಾತ್ರ. ಬಂದು ಮೂರು ವಾರ ಆಯಿತು. ಈಗಲೂ ಲೋಕಲ್ ಟ್ರೇನಿನಲ್ಲಿ ನಿಂತರೆ ಕಾಲು ತಾನಾಗಿ ಅಡ್ಡ ತಿರುಗುತ್ತದೆ.

ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ದಿನ ಬಾಡಿಗೆ ಬೋರ್ಡ್ ಹಿಡಿದು ಹೋದಾಗ ಅಲ್ಲಿ ಕಲಿಸುತ್ತಿದ್ದ ಹಿರಿಯರೊಬ್ಬರು, "ಮೊದಲು ಸ್ಕೀ ಕಲಿಯಿರಿ. ಇದು ಹುಡುಗಾಟ. ಇಳಿಜಾರನ್ನೆಲ್ಲ ಕೆರೆದು ಹಾಕುತ್ತೀರಿ" ಅಂದರು. ಅವರ ಗುಂಪಿಗೆ ಸೇರಿಸಿಕೊಳ್ಳಲಿಲ್ಲ. ಆಮೇಲೆ ಅಲ್ಲಿಯವನೇ ಒಬ್ಬ ಹುಡುಗ ಕಲಿಸಲು ಒಪ್ಪಿದ. ಎರಡು ದಿನ ಬರೀ ಬಿದ್ದೆ. ಮೂರನೇ ದಿನ ಬೆಳಗ್ಗೆ ಬೆಟ್ಟಕ್ಕೆ ಬೆನ್ನು ಮಾಡಿ ನಿಂತು, ಹಿಮ್ಮಡಿಯ ಕಡೆಯ ಅಂಚನ್ನು ಹಿಮಕ್ಕೆ ಒತ್ತಿದೆ. ತೆಂಗಿನಕಾಯಿ ತುರಿಯುವಾಗ ಬರುತ್ತಲ್ಲ, ಆ ಸದ್ದು ಬಂತು. ಕರ್ ಕರ್ ಅಂತ. ಬೋರ್ಡ್ ನಿಧಾನಕ್ಕೆ ಕೆಳಗೆ ಜಾರಿತು, ನಾನು ಬೀಳಲಿಲ್ಲ. ಆ ಹತ್ತು ಸೆಕೆಂಡು ನನಗೆ ಮರೆಯುವುದಿಲ್ಲ.

ಆದರೆ ಆ ಹಿರಿಯರ ಮಾತು ಯಾಕೆ ಬಂತು ಅಂತ ತಿಳಿಯಬೇಕು. ಸ್ಕೀ ಮಾಡುವವರಿಗೆ ಬೋರ್ಡಿನವರ ಮೇಲೆ ಈ ಅಸಮಾಧಾನ ಎಲ್ಲಿಂದ ಶುರುವಾಯಿತು? ಈ ಆಟ ಸ್ಕೀಯಿಂಗ್‌ನಿಂದ ಹುಟ್ಟಿದ್ದಾ, ಬೇರೆ ಎಲ್ಲಿಂದಲೋ ಬಂದದ್ದಾ?

ಸಂದೀಪ್, ಬಾಣೇರ್ (ಪುಣೆ)

ಶ್ರುತಿ ಅವರೇ, ಕೆಲಸದ ಮೇಲೆ ನಾಲ್ಕು ಚಳಿಗಾಲ ಅಮೆರಿಕದ ಬಾಸ್ಟನ್‌ನಲ್ಲಿದ್ದೆ. ಪಕ್ಕದ ವರ್ಮಾಂಟ್ ರಾಜ್ಯದಲ್ಲಿ ಬೋರ್ಡ್ ಕಲಿತೆ. ಈ ಆಟದ ಅರ್ಧ ಚರಿತ್ರೆ ಅಲ್ಲೇ ನಡೆದದ್ದು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ನೆನೆಯಬೇಕಾದವರು ಶೆರ್ಮನ್ ಪಾಪೆನ್. ಮಿಷಿಗನ್ ರಾಜ್ಯದ ಮಸ್ಕೀಗನ್ ಊರಿನವರು. 1965ರ ಕ್ರಿಸ್ಮಸ್ ದಿನ ಅವರ ಹೆಣ್ಣುಮಕ್ಕಳು ಮನೆಯೊಳಗೆ ಗಲಾಟೆ ಮಾಡುತ್ತಿದ್ದರು. ಹೆಂಡತಿ ಬಸುರಿ. ಮಕ್ಕಳನ್ನು ಹೊರಗೆ ಆಡಿಸಬೇಕಿತ್ತು. ಪಾಪೆನ್ ಎರಡು ಸ್ಕೀಗಳನ್ನು ಪಕ್ಕಪಕ್ಕ ಇಟ್ಟು ಅಡ್ಡಪಟ್ಟಿ ಹೊಡೆದು ಜೋಡಿಸಿದರು. ಮಕ್ಕಳು ಅದರ ಮೇಲೆ ಅಡ್ಡ ನಿಂತು ಮನೆ ಹಿಂದಿನ ದಿಬ್ಬದಿಂದ ಜಾರಿದರು. ಹೆಂಡತಿ ನ್ಯಾನ್ಸಿ ಅದಕ್ಕೆ 'ಸ್ನರ್ಫರ್' ಅಂತ ಹೆಸರಿಟ್ಟರು. ಸ್ನೋ ಮತ್ತು ಸರ್ಫ್, ಎರಡೂ ಸೇರಿದ ಹೆಸರು. ಮರುವರ್ಷ ಬ್ರನ್ಸ್‌ವಿಕ್ ಕಂಪನಿ ಅದನ್ನು ಆಟಿಕೆಯಾಗಿ ಮಾರಿತು. ಲಕ್ಷಗಟ್ಟಲೆ ಮಾರಾಟವಾಯಿತು. ಕಾಲಿಗೆ ಕಟ್ಟುವ ಪಟ್ಟಿ ಇರಲಿಲ್ಲ. ಮೂತಿಗೆ ಒಂದು ಹಗ್ಗ, ಅದನ್ನು ಕೈಯಲ್ಲಿ ಹಿಡಿದು ನಿಲ್ಲಬೇಕು. ಅಷ್ಟೇ.

ಹದಿನಾಲ್ಕನೇ ವಯಸ್ಸಿಗೆ ಆ ಆಟಿಕೆ ಹಿಡಿದ ಹುಡುಗ ಜೇಕ್ ಬರ್ಟನ್ ಕಾರ್ಪೆಂಟರ್. 23ನೇ ವಯಸ್ಸಿನಲ್ಲಿ ನ್ಯೂಯಾರ್ಕಿನ ಕೆಲಸ ಬಿಟ್ಟು 1977ರಲ್ಲಿ ವರ್ಮಾಂಟಿನ ಲಂಡನ್‌ಡೆರಿ ಊರಲ್ಲಿ ಬೋರ್ಡ್ ಮಾಡತೊಡಗಿದ. 1979ರಲ್ಲಿ ಮಿಷಿಗನ್‌ನ ಸ್ನರ್ಫಿಂಗ್ ಸ್ಪರ್ಧೆಗೆ ತಾನು ಮಾಡಿದ ಬೋರ್ಡ್ ತೆಗೆದುಕೊಂಡು ಹೋದ. ಅದರಲ್ಲಿ ಪಾದಕ್ಕೆ ಪಟ್ಟಿ ಇತ್ತು. ಉಳಿದವರು ತಕರಾರು ಎತ್ತಿದರು. ಕೊನೆಗೆ ಅವನಿಗಾಗಿ ಬೇರೆ ವಿಭಾಗ ಮಾಡಿದರು, ಅದರಲ್ಲಿ ಅವನೇ ಗೆದ್ದ. ಬೇರೆ ವಿಭಾಗ ಅಂದೆನಲ್ಲ, ಈ ಆಟದ ಹಣೆಬರಹ ಆವತ್ತೇ ಶುರುವಾಯಿತು ಅಂತ ನನಗೆ ಅನ್ನಿಸುತ್ತದೆ. ಎಲ್ಲಿಗೆ ಹೋದರೂ "ನೀವು ಆ ಕಡೆ ನಿಲ್ಲಿ".

ಕ್ಯಾಲಿಫೋರ್ನಿಯಾದ ಕಡೆಯವರು ಮಾತ್ರ ಟಾಮ್ ಸಿಮ್ಸ್ ಹೆಸರನ್ನೇ ಮೊದಲು ಹೇಳುತ್ತಾರೆ. 1963ರಲ್ಲೇ ಶಾಲೆಯ ಮರಗೆಲಸದ ಕ್ಲಾಸಿನಲ್ಲಿ ಹಿಮದ ಮೇಲೆ ಜಾರುವ ಹಲಗೆ ಮಾಡಿದ್ದೆ ಅಂತ ಸಿಮ್ಸ್ ಹೇಳುತ್ತಿದ್ದರು. ಅವರು ಸ್ಕೇಟ್‌ಬೋರ್ಡ್ ಚಾಂಪಿಯನ್. ಯೂಟಾ ರಾಜ್ಯದ ಡಿಮಿಟ್ರಿ ಮಿಲೊವಿಚ್ 70ರ ದಶಕದಲ್ಲೇ ವಿಂಟರ್‌ಸ್ಟಿಕ್ ಹೆಸರಿನಲ್ಲಿ, ಹಿಂಬದಿ ಹಕ್ಕಿಯ ಬಾಲದ ಹಾಗೆ ಸೀಳಿದ ಬೋರ್ಡ್ ಮಾಡಿದ್ದರು. ಯಾರು ಮೊದಲು ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಒಂದೇ ಕಾಲದಲ್ಲಿ ನಾಲ್ಕು ಕಡೆ ನಾಲ್ವರಿಗೆ ಹೊಳೆದ ಯೋಚನೆ ಇದು.

ಮಾಟುಂಗಾ ಮಾಮ

ಸಂದೀಪ, ಆ ಹಗ್ಗ ಮತ್ತು ಹಲಗೆಯ ಮಾತು ಓದಿ ನನಗೆ ನಮ್ಮ ಕಂಬಳ ಕಣ್ಣಿಗೆ ಕಟ್ಟಿತು. ನಾನು ಮೂಲ್ಕಿ ಕಡೆಯವನು. ಮುಂಬಯಿಗೆ ಬಂದು ಐವತ್ತು ವರ್ಷ ಆಯಿತು. ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡ ಹಲಗೆ, ಕೆನೆ ಹಲಗೆ ಅಂತ ವಿಭಾಗ ಇವೆ. ಅಡ್ಡ ಹಲಗೆಯಲ್ಲಿ ಓಡಿಸುವವನು ಹಲಗೆ ಮೇಲೆ ನಿಲ್ಲುತ್ತಾನೆ, ಕೋಣಗಳು ಕೆಸರಿನಲ್ಲಿ ಎಳೆದುಕೊಂಡು ಹೋಗುತ್ತವೆ. ಕೆನೆ ಹಲಗೆಯಲ್ಲಿ ಒಂದೇ ಪಾದ ಊರಿ ನಿಲ್ಲಬೇಕು. ಅದರ ತೂತುಗಳಿಂದ ಕೆಸರು ನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನಿ ಬಟ್ಟೆಗೆ ತಾಗಬೇಕು. ಅಲ್ಲಿ ನಿಂತವನ ಮೊಣಕಾಲು ನೋಡಬೇಕು ನೀವು. ಬಗ್ಗಿರುತ್ತದೆ, ಆದರೆ ಬಿಗಿ ಇರುವುದಿಲ್ಲ.

ಇನ್ನೊಂದು. ನಾವು ಸಣ್ಣವರಿದ್ದಾಗ ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಮೇಲೆ ಒಬ್ಬ ಕೂರುವುದು, ಸೋಗೆಯ ತುದಿ ಹಿಡಿದು ಇನ್ನೊಬ್ಬ ಎಳೆಯುವುದು. ಇಳಿಜಾರು ಸಿಕ್ಕಿದರೆ ಎಳೆಯುವವನೇ ಬೇಡ. ನನಗೆ ಹಿಮ ಗೊತ್ತಿಲ್ಲ ಮಾರಾಯ್ರೇ, ಆದರೆ ಆ ಪಾಪೆನ್ನನ ಮಕ್ಕಳ ಖುಷಿ ಚೆನ್ನಾಗಿ ಗೊತ್ತು.

ನಾಗೇಶ್, ಮಾಂದ್ರೆ (ಗೋವಾ)

ಮಾಮ, ನಿಮ್ಮ ಮೂಲ್ಕಿಯಲ್ಲೇ ನಾನು ಸರ್ಫಿಂಗ್ ಕಲಿತದ್ದು! ಊರು ಕಾರವಾರ, ಈಗ ಗೋವಾದಲ್ಲಿ ಸರ್ಫಿಂಗ್ ಕಲಿಸುತ್ತೇನೆ.

ಶ್ರುತಿ ಅವರ ಪ್ರಶ್ನೆಗೆ ನನ್ನ ಉತ್ತರ ಖಚಿತ. ಸ್ನೋಬೋರ್ಡಿಂಗ್ ಬೇರೆ ಮನೆಯ ಮಗ. ಬೆಟ್ಟ ಮಾತ್ರ ಸ್ಕೀಯವರದು, ರಕ್ತ ಕಡಲಿನದು. ಸ್ಕೀಯಲ್ಲಿ ಮುಖ, ಎದೆ, ಪಾದ ಎಲ್ಲ ಇಳಿಜಾರಿನ ಕಡೆ. ಕೈಯಲ್ಲಿ ಎರಡು ಕೋಲು. ನಮ್ಮದು ಅಡ್ಡ ನಿಲ್ಲುವ ಆಟ. ಕೋಲು ಇಲ್ಲ. ಭುಜ ಎಲ್ಲಿ ನೋಡುತ್ತದೋ ಹಲಗೆ ಅಲ್ಲಿಗೆ ಹೋಗುತ್ತದೆ. ಅಲೆ ಮೇಲೂ ಅದೇ, ರಸ್ತೆಯ ಸ್ಕೇಟ್‌ಬೋರ್ಡಿನಲ್ಲೂ ಅದೇ, ಹಿಮದಲ್ಲೂ ಅದೇ. ಮಾತು ಕೂಡ ಅಲ್ಲಿಂದಲೇ ಬಂದದ್ದು. ಎಡಗಾಲು ಮುಂದಿಟ್ಟು ನಿಲ್ಲುವವರು ರೆಗ್ಯುಲರ್, ಬಲಗಾಲು ಮುಂದಿಟ್ಟವರು ಗೂಫಿ. ಇದು ಸರ್ಫರ್‌ಗಳ ಮಾತು. ಗೂಫಿ ಅಂದರೆ ತಪ್ಪು ಅಂತಲ್ಲ, ಯಾರೂ ಹಾಗೆ ತಿಳಿಯಬೇಡಿ.

ನನ್ನ ಹತ್ತಿರ ಹೊಸಬರು ಬಂದರೆ ಒಂದು ಪರೀಕ್ಷೆ ಮಾಡುತ್ತೇನೆ. ಪಾದ ಜೋಡಿಸಿ ನಿಲ್ಲಿಸಿ, ಹೇಳದೆ ಹಿಂದಿನಿಂದ ಮೆಲ್ಲಗೆ ದೂಡುತ್ತೇನೆ. ಬೀಳದಂತೆ ತಡೆಯಲು ಯಾವ ಕಾಲು ಮುಂದೆ ಹೋಗುತ್ತದೋ ಸಾಮಾನ್ಯವಾಗಿ ಅದೇ ಮುಂದಿನ ಕಾಲು. ಬೋರ್ಡ್ ಬಾಡಿಗೆಗೆ ಕೇಳುವ ಮೊದಲೇ ಇದು ಗೊತ್ತಿದ್ದರೆ ಒಳ್ಳೆಯದು.

ಮತ್ತೊಂದು ಮಾತು. ಟರ್ಕಿಯ ಕಪ್ಪು ಸಮುದ್ರದ ಕಡೆ, ರಿಜೆ ಪ್ರಾಂತ್ಯದಲ್ಲಿ ಪೆತ್ರಾನ್ ಅಂತ ಒಂದು ಬೆಟ್ಟದ ಹಳ್ಳಿ ಇದೆ. ಅಲ್ಲಿನವರು ಮರದ ಹಲಗೆ ಮೇಲೆ ನಿಂತು, ಮುಂದೆ ಕಟ್ಟಿದ ಹಗ್ಗ ಒಂದು ಕೈಯಲ್ಲಿ, ಕೋಲು ಇನ್ನೊಂದು ಕೈಯಲ್ಲಿ ಹಿಡಿದು ಹಿಮದಲ್ಲಿ ಇಳಿಯುತ್ತಾರೆ. ತಲೆಮಾರುಗಳಿಂದ ಬಂದದ್ದು ಅಂತ ಅವರೇ ಹೇಳುತ್ತಾರೆ. ಹಾಗಾಗಿ ಅಮೆರಿಕದವರೇ ಕಂಡುಹಿಡಿದರು ಅನ್ನುವಾಗ ನಾನು ಸ್ವಲ್ಪ ತಡೆಯುತ್ತೇನೆ.

ಶ್ರುತಿ, ಡೊಂಬಿವಲಿ

ನಾಗೇಶಣ್ಣ, ನನ್ನನ್ನು ಮೊದಲ ದಿನ ಎಡಗಾಲು ಮುಂದಿಟ್ಟೇ ನಿಲ್ಲಿಸಿದ್ದರು. ಎರಡನೇ ದಿನ ಮಧ್ಯಾಹ್ನ ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಕಟ್ಟುವ ಪಟ್ಟಿ) ತಿರುಗಿಸಿ ಬಲಗಾಲು ಮುಂದೆ ಮಾಡಿದ ಮೇಲೆ ಎಷ್ಟೋ ಹಗುರಾಯಿತು. ಈ ಪರೀಕ್ಷೆ ಮೊದಲೇ ಗೊತ್ತಿದ್ದರೆ ಒಂದೂವರೆ ದಿನ ಉಳಿಯುತ್ತಿತ್ತು.

ಸಂದೀಪ್ ಅವರೇ, "ಆ ಕಡೆ ನಿಲ್ಲಿ" ಅಂದಿರಲ್ಲ, ಅದನ್ನು ಬಿಡಿಸಿ ಹೇಳಿ. ನಿಜಕ್ಕೂ ನಿಷೇಧ ಇತ್ತಾ?

ಸಂದೀಪ್, ಬಾಣೇರ್ (ಪುಣೆ)

ಇತ್ತು. ಜೋರಾಗಿಯೇ ಇತ್ತು. 80ರ ದಶಕದ ಮೊದಲಿಗೆ ಅಮೆರಿಕದ ಬಹುಪಾಲು ಸ್ಕೀ ಬೆಟ್ಟಗಳು ಬೋರ್ಡಿನವರನ್ನು ಮೇಲಕ್ಕೆ ಒಯ್ಯುವ ಲಿಫ್ಟ್ ಹತ್ತಲು ಬಿಡುತ್ತಿರಲಿಲ್ಲ. ಹುಡುಗರು ರಾತ್ರಿ ಹೊತ್ತು ಬೋರ್ಡ್ ಹೆಗಲಿಗೆ ಹಾಕಿಕೊಂಡು ಬೆಟ್ಟ ಹತ್ತುತ್ತಿದ್ದರು. ಒಂದು ಸಲ ಇಳಿಯಲು ಒಂದು ಗಂಟೆ ಹತ್ತಬೇಕು. ಆ ಹತ್ತುವಿಕೆಯೇ ಅವರನ್ನು ಒಂದು ಗುಂಪು ಮಾಡಿತು.

1983ರಲ್ಲಿ ವರ್ಮಾಂಟಿನ ಸ್ಟ್ರ್ಯಾಟನ್ ಬೆಟ್ಟ ಬಾಗಿಲು ತೆರೆಯಿತು. ದೊಡ್ಡ ಬೆಟ್ಟಗಳಲ್ಲಿ ಅದು ಮೊದಲಿನವುಗಳಲ್ಲಿ ಒಂದು. ಮೊದಮೊದಲು ಅಲ್ಲೂ ಪರೀಕ್ಷೆ ಇತ್ತು. ತಿರುಗಲು, ನಿಲ್ಲಲು ಬರುತ್ತದೆ ಅಂತ ತೋರಿಸಿದರೆ ಮಾತ್ರ ಲಿಫ್ಟ್.

ಹಾಫ್‌ಪೈಪ್ ಕಥೆ ಕೇಳಿ. ಅರ್ಧ ಕೊಳವೆಯ ಆಕಾರದ ಹಿಮದ ಹಳ್ಳ ಅದು, ಎರಡೂ ಬದಿಯ ಗೋಡೆ ಹತ್ತಿ ಹಾರುತ್ತಾ ಇಳಿಯುತ್ತಾರೆ. ಇವತ್ತು ಒಲಿಂಪಿಕ್ಸಿನಲ್ಲಿ ಅದರ ಗೋಡೆ 22 ಅಡಿ ಎತ್ತರ, ಯಂತ್ರದಲ್ಲಿ ಕೊರೆದದ್ದು. ಮೊದಲ ಹಾಫ್‌ಪೈಪ್ ಅಂತ ಎಲ್ಲರೂ ಹೇಳುವುದು 1979ರಲ್ಲಿ ಕ್ಯಾಲಿಫೋರ್ನಿಯಾದ ತಾಹೋ ಸಿಟಿಯಲ್ಲಿ ಸಿಕ್ಕಿದ ಒಂದು ಹಳ್ಳವನ್ನು. ಊರಿನ ಕಸ ಸುರಿಯುವ ಜಾಗದ ಪಕ್ಕ ಇತ್ತು. ಹುಡುಗರು ಸಲಿಕೆ ತಂದು ಅದರ ಗೋಡೆ ತಿದ್ದಿದರು. ಒಳ್ಳೆ ಬೆಟ್ಟದ ಮೇಲೆ ಜಾಗ ಕೊಟ್ಟಿದ್ದರೆ ಅವರು ಕಸದ ಹಳ್ಳಕ್ಕೆ ಹೋಗುತ್ತಲೇ ಇರಲಿಲ್ಲ, ಅಲ್ವಾ? ನಾಲ್ಕು ವರ್ಷದಲ್ಲಿ, 1983ಕ್ಕೆ, ಟಾಮ್ ಸಿಮ್ಸ್ ಸೋಡಾ ಸ್ಪ್ರಿಂಗ್ಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಸಿದಾಗ ಹಾಫ್‌ಪೈಪ್ ಸ್ಪರ್ಧೆಯೂ ಇತ್ತು.

ಈಗಲೂ ಅಮೆರಿಕದಲ್ಲಿ ಮೂರು ಬೆಟ್ಟಗಳು ಬೋರ್ಡಿನವರನ್ನು ಬಿಡುವುದಿಲ್ಲ. ಯೂಟಾದ ಆಲ್ಟಾ ಮತ್ತು ಡಿಯರ್ ವ್ಯಾಲಿ, ವರ್ಮಾಂಟಿನ ಮ್ಯಾಡ್ ರಿವರ್ ಗ್ಲೆನ್. ಆಲ್ಟಾ ಇರುವುದು ಸರ್ಕಾರದ ಅರಣ್ಯ ಭೂಮಿಯಲ್ಲಿ. ಸಾರ್ವಜನಿಕ ಜಾಗದಲ್ಲಿ ಈ ಭೇದ ಯಾಕೆ ಅಂತ 2014ರಲ್ಲಿ ಕೆಲವರು ಕೋರ್ಟಿಗೆ ಹೋದರು. ಕೇಸು ಬಿದ್ದುಹೋಯಿತು. 2016ರಲ್ಲಿ ಮೇಲ್ಮನವಿಯೂ ಬಿತ್ತು. ಆ ನಿರ್ಧಾರ ಬೆಟ್ಟ ನಡೆಸುವ ಕಂಪನಿಯದು, ಸರ್ಕಾರದ್ದಲ್ಲ ಅಂದಿತು ಕೋರ್ಟು. ನನಗೆ ಇದು ಸರಿ ಕಾಣುವುದಿಲ್ಲ.

ಪೂರ್ಣಿಮಾ, ಕೊಥ್ರೂಡ್

ನಾನು ಫಿಸಿಯೋಥೆರಪಿಸ್ಟ್. ಸ್ಕೀ ಮಾಡುವವಳು, ಔಲಿಯಲ್ಲಿ ಕಲಿತೆ. ಸ್ಕೀಯವರ ಕಡೆಯ ಮಾತನ್ನೂ ಯಾರಾದರೂ ಹೇಳಬೇಕು.

ನಿಷೇಧದ ಹಿಂದೆ ಬರೀ ಸೊಕ್ಕು ಇರಲಿಲ್ಲ. ಮೊದಲ ಬೋರ್ಡುಗಳಿಗೆ ಲೋಹದ ಅಂಚೇ ಇರಲಿಲ್ಲ. ಮೆತ್ತಗಿನ ಹೊಸ ಹಿಮದಲ್ಲಿ ಓಡುತ್ತಿದ್ದವು, ಲಿಫ್ಟ್ ಇರುವ ಕಡೆಯ ಗಟ್ಟಿ ಹಿಮದಲ್ಲಿ ಹಿಡಿತವೇ ಸಿಗುತ್ತಿರಲಿಲ್ಲ. ನಿಲ್ಲಿಸಲಾಗದ ಹಲಗೆ ಜನರ ನಡುವೆ ಬಂದರೆ ಬೆಟ್ಟ ನಡೆಸುವವರಿಗೆ ವಿಮೆಯ ಭಯ ಇರುವುದಿಲ್ಲವಾ? 80ರ ದಶಕದಲ್ಲಿ ಲೋಹದ ಅಂಚು, ಹಿಮ್ಮಡಿಗೆ ಆಸರೆ ಕೊಡುವ ಬೈಂಡಿಂಗ್ ಬಂದ ಮೇಲೆಯೇ ಬೋರ್ಡು ಬೆಟ್ಟಕ್ಕೆ ತಕ್ಕದ್ದಾಯಿತು. ಜೊತೆಗೆ, ಅಡ್ಡ ನಿಂತವರಿಗೆ ಬೆನ್ನಿನ ಕಡೆ ಕಾಣುವುದಿಲ್ಲ. ಅವರು ಬೆನ್ನಿನ ಕಡೆಗೆ ಅಗಲವಾಗಿ ತಿರುಗಿದಾಗ ಹಿಂದಿನಿಂದ ಬರುವ ಸ್ಕೀಯವರ ಎದೆ ಝಲ್ ಅನ್ನುತ್ತದೆ. ನನಗೇ ಆಗಿದೆ.

ಆದರೆ ಶ್ರುತಿಯನ್ನು ಗುಂಪಿಗೆ ಸೇರಿಸದೆ ಬಿಟ್ಟದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ.

ಇನ್ನು ಪೆಟ್ಟಿನ ವಿಷಯ. ಸ್ಕೀಯವರಿಗೆ ಜಾಸ್ತಿ ಏಟು ಬೀಳುವುದು ಮೊಣಕಾಲಿಗೆ. ಬೋರ್ಡಿನವರಿಗೆ ಮಣಿಕಟ್ಟಿಗೆ, ಅದರಲ್ಲೂ ಹೊಸಬರಿಗೆ. ಎರಡು ಪಾದವೂ ಒಂದೇ ಹಲಗೆಗೆ ಕಟ್ಟಿರುವುದರಿಂದ ಬೀಳುವಾಗ ಕಾಲು ಮುಂದಿಡಲು ಆಗುವುದಿಲ್ಲ, ಕೈ ಚಾಚುತ್ತೇವೆ. ಅಂಗೈ ತೆರೆದು ಊರಬೇಡಿ. ಮುಂದಕ್ಕೆ ಬಿದ್ದರೆ ಮುಷ್ಟಿ ಬಿಗಿದು ಮುಂಗೈ ಪೂರ್ತಿ ಊರಿ. ಹಿಂದಕ್ಕೆ ಬಿದ್ದರೆ ಗಲ್ಲ ಎದೆಗೆ ಒತ್ತಿ, ಕೂತು ಉರುಳಿ. ಮಣಿಕಟ್ಟಿನ ಗಾರ್ಡ್ ಇಲ್ಲದೆ ಮೊದಲ ವಾರ ಬೋರ್ಡ್ ಹತ್ತಲೇಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ.

ಶ್ರುತಿ, ಡೊಂಬಿವಲಿ

ಪೂರ್ಣಿಮಕ್ಕ, ನನ್ನ ಎಡ ಮಣಿಕಟ್ಟು ಎರಡು ದಿನ ಊದಿಕೊಂಡಿತ್ತು. ಬಾಡಿಗೆ ಕೊಟ್ಟವರ ಹತ್ತಿರ ಗಾರ್ಡ್ ಇರಲಿಲ್ಲ, ನನಗೂ ಕೇಳಬೇಕು ಅಂತ ತಿಳಿದಿರಲಿಲ್ಲ. ಕಾಲುಪಟ್ಟಿಯ ಹಲ್ಲು ಸವೆದು ಪದೇ ಪದೇ ಸಡಿಲ ಆಗುತ್ತಿತ್ತು. ಮುಂದೆ ಹೋಗುವವರು ಹೊರಡುವ ಮುಂಚೆ ಪಟ್ಟಿ ಎಳೆದು ನೋಡಿ.

ಕಿರಣ್, ಚೆಂಬೂರು

ಒಲಿಂಪಿಕ್ಸ್ ಬಗ್ಗೆ ಯಾರೂ ಹೇಳಲಿಲ್ಲ. 1998ರ ನಗಾನೊದಲ್ಲಿ ಸ್ನೋಬೋರ್ಡಿಂಗ್ ಬಂತು. ಮರ್ಯಾದೆ ಸಿಕ್ಕಿದ್ದು ಆವತ್ತಲ್ಲವಾ?

ಸಂದೀಪ್, ಬಾಣೇರ್ (ಪುಣೆ)

ಕಿರಣ್, ಮರ್ಯಾದೆ ಸಿಕ್ಕಿತು ಅನ್ನಬಹುದು. ಆದರೆ ಯಾರ ಕೈಯಿಂದ? ಬೋರ್ಡಿನವರದ್ದೇ ಒಂದು ಅಂತಾರಾಷ್ಟ್ರೀಯ ಒಕ್ಕೂಟ ಇತ್ತು. ಒಲಿಂಪಿಕ್ಸಿನವರು ಅದನ್ನು ಬಿಟ್ಟು, ಸ್ಕೀಯವರ ಒಕ್ಕೂಟಕ್ಕೆ ಈ ಆಟದ ಉಸ್ತುವಾರಿ ಕೊಟ್ಟರು. ಹೊರಗೆ ನಿಲ್ಲಿಸಿದ ಸ್ಕೀಯವರೇ ಯಜಮಾನರಾದರು. ನಾರ್ವೆಯ ತೆರ್ಯೆ ಹಾಕನ್ಸನ್ ಆಗ ಹಾಫ್‌ಪೈಪಿನಲ್ಲಿ ಜಗತ್ತಿನ ಮೇಲುಗೈ. ಚಿನ್ನ ಅವನದ್ದೇ ಅಂತ ಬಹಳ ಜನ ನಂಬಿದ್ದರು. ಅವನು ಇದೇ ಕಾರಣಕ್ಕೆ ನಗಾನೊಗೆ ಹೋಗಲೇ ಇಲ್ಲ. ಆಮೇಲೆ ನಾರ್ವೆಯಲ್ಲಿ ಬೋರ್ಡಿನವರೇ ನಡೆಸುವ ಆರ್ಕ್ಟಿಕ್ ಚಾಲೆಂಜ್ ಅನ್ನುವ ಸ್ಪರ್ಧೆ ಕಟ್ಟಿದ. 2007ರಲ್ಲಿ ಓಸ್ಲೋದಲ್ಲಿ ಗೋಡೆಯ ತುದಿಯಿಂದ 9.8 ಮೀಟರ್ ಮೇಲಕ್ಕೆ ಹಾರಿದ. ಸುಮಾರು ಮೂರು ಮಹಡಿ ಎತ್ತರ. ಚಿನ್ನದ ಪದಕಕ್ಕಿಂತ ದೊಡ್ಡದನ್ನು ಬಿಟ್ಟುಕೊಡಲು ಒಪ್ಪದವನು ಅಂತ ನನಗೆ ಅವನ ಮೇಲೆ ಗೌರವ.

ಕಿರಣ್, ಚೆಂಬೂರು

ಗೌರವ ನನಗೂ ಇದೆ. ಆದರೆ ಒಲಿಂಪಿಕ್ಸ್ ಇಲ್ಲದಿದ್ದರೆ ಚೆಂಬೂರಿನಲ್ಲಿ ಕೂತ ನಾನು ಈ ಆಟವನ್ನು ನೋಡುತ್ತಲೇ ಇರಲಿಲ್ಲ. ನಾನು ಇದಕ್ಕೆ ಅಂಟಿಕೊಂಡದ್ದು ಲಿಂಡ್ಸೆ ಜಾಕೊಬೆಲಿಸ್ ಕಾರಣಕ್ಕೆ.

2006ರ ಟ್ಯೂರಿನ್. ನಾಲ್ವರು ಒಟ್ಟಿಗೆ ಇಳಿಯುವ ಸ್ನೋಬೋರ್ಡ್ ಕ್ರಾಸ್ ಮೊದಲ ಸಲ ಬಂದಿತ್ತು. ಫೈನಲ್ಲಿನಲ್ಲಿ ಆಕೆ ಬಹಳ ಮುಂದೆ ಇದ್ದಳು. ಇನ್ನೇನು ಗೆದ್ದೇ ಬಿಟ್ಟಳು. ಕೊನೆಯದಕ್ಕೂ ಮುಂಚಿನ ಜಿಗಿತದಲ್ಲಿ ಗಾಳಿಯಲ್ಲಿದ್ದಾಗ ಕೈ ಕೆಳಗೆ ಚಾಚಿ ಬೋರ್ಡಿನ ಅಂಚು ಹಿಡಿದಳು. ಖುಷಿಗೆ ಮಾಡಿದ್ದು. ಇಳಿಯುವಾಗ ಅಂಚು ಸಿಕ್ಕಿ ಬಿದ್ದಳು. ಸ್ವಿಟ್ಜರ್ಲೆಂಡಿನ ತಾನ್ಯಾ ಫ್ರೀಡೆನ್ ದಾಟಿ ಹೋದಳು. ಬೆಳ್ಳಿ ಬಂತು. ವರ್ಷಗಟ್ಟಲೆ ಜನ ಆಕೆಯನ್ನು ಬೈದರು. ಆಕೆ ಬಿಡಲಿಲ್ಲ. ಮತ್ತೆ ಮೂರು ಒಲಿಂಪಿಕ್ಸ್, ಪದಕ ಇಲ್ಲ. 2022ರ ಬೀಜಿಂಗ್‌ನಲ್ಲಿ 36ನೇ ವಯಸ್ಸಿಗೆ ಚಿನ್ನ ಗೆದ್ದಳು. ಕೆಲವೇ ದಿನಗಳಲ್ಲಿ 40 ವರ್ಷದ ನಿಕ್ ಬಾಮ್‌ಗಾರ್ಟ್ನರ್ ಜೊತೆ ಮಿಶ್ರ ತಂಡದಲ್ಲಿ ಎರಡನೇ ಚಿನ್ನ. ಆವತ್ತು ನಾನು ಅತ್ತೆ.

ಆ ಜಿಗಿತದಲ್ಲಿ ಆಕೆ ಮಾಡಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಗೆಲ್ಲುವ ಹೊತ್ತಿನಲ್ಲೂ ಆಡಬೇಕು ಅನ್ನಿಸಿತಲ್ಲ, ಅದು ಈ ಆಟದ ಗುಣ.

ನಾಗೇಶ್, ಮಾಂದ್ರೆ (ಗೋವಾ)

ಕಿರಣ್ ಹೇಳಿದ್ದಕ್ಕೆ ನಾನೂ ಒಂದು ಸೇರಿಸುತ್ತೇನೆ. ಅದೇ ಬೀಜಿಂಗ್‌ನ ಮಹಿಳೆಯರ ಸ್ಲೋಪ್‌ಸ್ಟೈಲ್. ಕಂಬಿ, ದಿಬ್ಬಗಳ ಮೇಲೆ ಕಸರತ್ತು ಮಾಡುತ್ತಾ ಇಳಿಯುವ ಸ್ಪರ್ಧೆ ಅದು. ನ್ಯೂಜಿಲೆಂಡಿನ ಝೋಯಿ ಸಡೋವ್‌ಸ್ಕಿ ಸಿನೊಟ್ ಕೊನೆಯವಳಾಗಿ ಇಳಿದಳು. ಅಂಕ ಬರುವ ಮೊದಲೇ ಅಮೆರಿಕದ ಜೂಲಿಯಾ ಮರಿನೊ, ಆಸ್ಟ್ರೇಲಿಯಾದ ಟೆಸ್ ಕೋಡಿ ಇಬ್ಬರೂ ಓಡಿಹೋಗಿ ಅವಳನ್ನು ಹಿಮಕ್ಕೆ ಉರುಳಿಸಿ ತಬ್ಬಿಕೊಂಡರು. ಅವಳು ಗೆದ್ದರೆ ಮರಿನೊ ಚಿನ್ನ ಹೋಗುತ್ತದೆ. ಹೋಯಿತು ಕೂಡ. ಆದರೂ ಆ ನಗು ನೋಡಬೇಕಿತ್ತು. ನ್ಯೂಜಿಲೆಂಡಿಗೆ ಅದು ಚಳಿಗಾಲದ ಒಲಿಂಪಿಕ್ಸಿನ ಮೊದಲ ಚಿನ್ನ. ಒಳ್ಳೆ ಅಲೆ ಹಿಡಿದವನನ್ನು ಕಂಡು ಕಡಲಲ್ಲಿ ಕೂತ ಉಳಿದವರು ಕೂಗುತ್ತಾರಲ್ಲ, ಅದೇ.

ಪೂರ್ಣಿಮಾ, ಕೊಥ್ರೂಡ್

ಹಾಗಾದರೆ ಎಸ್ಟರ್ ಲೆಡೆಟ್ಸ್ಕಾಳನ್ನು ಮರೆಯಬೇಡಿ. ಚೆಕ್ ದೇಶದವಳು. 2018ರ ಪ್ಯೊಂಗ್‌ಚಾಂಗ್‌ನಲ್ಲಿ ಮೊದಲು ಸ್ಕೀಯ ಸೂಪರ್ ಜಿ ಅನ್ನುವ ವೇಗದ ಓಟದಲ್ಲಿ ಚಿನ್ನ, ಒಂದು ವಾರದಲ್ಲಿ ಸ್ನೋಬೋರ್ಡಿನಲ್ಲಿ ಚಿನ್ನ. ಅದಕ್ಕೂ ಮುಂಚೆ ಅವಳು ಹೆಸರು ಮಾಡಿದ್ದು ಬೋರ್ಡಿನಲ್ಲಿ. ಸ್ಕೀ ಗೆದ್ದಾಗ ಅಂಕಪಟ್ಟಿ ನೋಡಿ ಏನೋ ತಪ್ಪಾಗಿದೆ ಅಂತ ಸುಮ್ನೆ ನಿಂತುಬಿಟ್ಟಿದ್ದಳು. ಎರಡು ಮನೆಯಲ್ಲೂ ಊಟ ಮಾಡಿದ ಮಗಳು. ಈ ಜಗಳದಲ್ಲಿ ನಾನು ಅವಳ ಪಕ್ಷ.

ಸಂದೀಪ್, ಬಾಣೇರ್ (ಪುಣೆ)

ಒಪ್ಪಿದೆ ಪೂರ್ಣಿಮಾ ಅವರೇ.

ಗುಲ್ಮಾರ್ಗಿಗೆ ಹೋಗುವವರಿಗೆ ಒಂದು ಎಚ್ಚರಿಕೆಯ ಮಾತು. ಅಲ್ಲಿನ ಗೊಂಡೋಲಾದ (ಕೇಬಲ್ ಕಾರ್) ಮೊದಲ ಹಂತ ಕೊಂಗ್‌ಡೂರಿಗೆ, ಎರಡನೇ ಹಂತ ಅಫರ್ವತ್ ಬೆಟ್ಟದ ಹತ್ತಿರ ಸುಮಾರು 3,900 ಮೀಟರಿಗೆ ಒಯ್ಯುತ್ತದೆ. ಮೇಲಿನದು ಕಾಡು ಇಳಿಜಾರು. ಗುರುತು ಹಾಕಿದ ಹಾದಿ ಬಿಟ್ಟರೆ ಹಿಮಕುಸಿತದ ಅಪಾಯ ನಿಜಕ್ಕೂ ಇದೆ. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು ಅಲ್ಲಿ ತೀರಿಕೊಂಡರು. ಕ್ರೇಗ್ ಕೆಲ್ಲಿ ಅಂತ ಒಬ್ಬರಿದ್ದರು. 80ರ ದಶಕದ ಕೊನೆಗೆ ಬೋರ್ಡಿನವರೆಲ್ಲ ನೋಡಿ ಕಲಿತದ್ದು ಅವರನ್ನು. ಸ್ಪರ್ಧೆ ಸಾಕು ಅಂತ ಬಿಟ್ಟು ಬೆಟ್ಟಕ್ಕೇ ಹೋದರು, ಗೈಡ್ ಆಗಲು ಕಲಿಯುತ್ತಿದ್ದರು. 2003ರ ಜನವರಿ 20ರಂದು ಕೆನಡಾದ ರೆವೆಲ್‌ಸ್ಟೋಕ್ ಹತ್ತಿರ ಹಿಮಕುಸಿತದಲ್ಲಿ ತೀರಿಕೊಂಡ ಏಳು ಜನರಲ್ಲಿ ಅವರೂ ಒಬ್ಬರು. ಅಷ್ಟು ಬಲ್ಲವರಿಗೇ ಹಾಗಾಯಿತು. ಸ್ಥಳೀಯ ಗೈಡ್, ಬೀಕನ್ (ಹಿಮದಡಿ ಸಿಕ್ಕವರ ಜಾಗ ತಿಳಿಸುವ ಸಾಧನ), ಸಲಿಕೆ, ಹಿಮ ಚುಚ್ಚಿ ಹುಡುಕುವ ಕೋಲು ಇಲ್ಲದೆ ಹಾದಿ ಬಿಡಬೇಡಿ. ಹೊಸಬರಿಗೆ ಕೆಳಗಿನ ಇಳಿಜಾರೇ ಸಾಕು.

ಮಾಟುಂಗಾ ಮಾಮ

ಎರಡು ದಿನದಿಂದ ಎಲ್ಲ ಓದುತ್ತಿದ್ದೇನೆ. ರಾತ್ರಿ ಮೊಮ್ಮಗನಿಗೂ ಓದಿ ಹೇಳಿದೆ. ಅವನಿಗೆ ಹನ್ನೊಂದು ವರ್ಷ. ಬರುವ ವರ್ಷ ಶ್ರುತಿ ಹೋಗುವಾಗ ತಾನೂ ಅಪ್ಪ ಅಮ್ಮನ ಜೊತೆ ಬರುತ್ತೇನೆ ಅಂತ ಹಠ ಹಿಡಿದಿದ್ದಾನೆ. ಮಣಿಕಟ್ಟಿನ ಗಾರ್ಡ್ ಅವನ ಅಳತೆಗೆ ಎಲ್ಲಿ ಸಿಗುತ್ತದೆ ಪೂರ್ಣಿಮಾ?

ಪೂರ್ಣಿಮಾ, ಕೊಥ್ರೂಡ್

ಮಾಮ, ರೋಲರ್ ಸ್ಕೇಟಿಂಗ್ ಸಾಮಾನು ಮಾರುವ ಅಂಗಡಿಯಲ್ಲಿ ಮಕ್ಕಳ ಅಳತೆಯದ್ದು ಸಿಗುತ್ತದೆ. ಗ್ಲೌಸ್ ಒಳಗೆ ಹಿಡಿಯುತ್ತದಾ ಅಂತ ನೋಡಿ ತೆಗೆದುಕೊಳ್ಳಿ. ಹೆಲ್ಮೆಟ್ ಮಾತ್ರ ಹಿಮದ ಆಟದ್ದೇ ಬೇಕು.

ಶ್ರುತಿ, ಡೊಂಬಿವಲಿ

ಮಾಮ, ಖಂಡಿತ ಕರೆದುಕೊಂಡು ಹೋಗೋಣ. ಬೋರ್ಡ್ ಈಗಲೇ ಕೊಳ್ಳಬೇಡಿ, ಬೆಳೆಯುವ ಹುಡುಗ. ಅವನ ಬೂಟಿನ ಅಳತೆ, ಯಾವ ಕಾಲು ಮುಂದೆ ಅಂತ ಬರೆದಿಡಿ ಸಾಕು. ನಾಗೇಶಣ್ಣನ ಪರೀಕ್ಷೆ ಮಾಡಿ ನೋಡಿ.

ಮಾಟುಂಗಾ ಮಾಮ

ಮಾಡಿದೆ. ಬಿಲ್ಡಿಂಗಿನ ಪ್ಯಾಸೇಜಿನಲ್ಲಿ ನಿಲ್ಲಿಸಿ, ಹಾಲಿನವನು ಬಂದ ಅಂತ ಹೇಳಿ ಅತ್ತ ನೋಡುವ ಹಾಗೆ ಮಾಡಿ ಹಿಂದಿನಿಂದ ದೂಡಿದೆ. ಬಲಗಾಲು. ಆಮೇಲೆ ಅವನ ಅಜ್ಜಿ ದೂಡಿದಳು. ಬಲಗಾಲು. ಸಂಜೆ ಆಟದಿಂದ ಬಂದು ಶೂ ಬಿಚ್ಚುವಾಗ ಇನ್ನೊಂದು ಸಲ. ಆಗಲೂ ಬಲಗಾಲೇ. ಶ್ರುತಿ, ಬರೆದುಕೋ, ಹುಡುಗ ಗೂಫಿ.